ಸಮುದ್ರದ ಚೀಲಕ್ಕೆ ಜೀನ್ಸಿನ ಹೊಲಿಗೆ

ಜನವರಿ 11, 2015. ರಾಯದುರ್ಗ

ನನ್ನ ಹೊಲಿಗೆಯನ್ನು ಬಳ್ಳಾರಿ ನೋಡಿದೆ, ಸೊಲ್ಲಾಪುರ ನೋಡಿದೆ. ಹೈದರಾಬಾದಿನ ಫುಟ್‌ಪಾತಿನಲ್ಲಿ ನನ್ನದೇ ಪ್ಯಾಂಟು ಕಂಡು ನಾನೇ ಚೌಕಾಸಿ ಮಾಡಿ ಬಂದಿದ್ದೇನೆ. ಸಮುದ್ರವೊಂದು ನೋಡಿರಲಿಲ್ಲ. ಇವತ್ತು ಅದರ ಕಡೆಯಿಂದಲೂ ಆರ್ಡರು ಬಂತು.

ತಂದವಳು ಆಶಾರಾಣಿ, ನಮ್ಮ ಕಟಿಂಗ್ ಮಾಸ್ಟರ್ ಗೋಪಿಯ ತಂಗಿ. ಮಡಕಶಿರದ ಕಡೆಯವರು, ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಾರೆ. ಅಣ್ಣ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗುವ ಬದಲು ನನ್ನ ಯೂನಿಟ್ಟಿಗೆ ಬಂದ. ತಂಗಿ ವಿಶಾಖಪಟ್ಟಣ ಸೇರಿ ಸಮುದ್ರದ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳೆ.

"ಸಮುದ್ರದಾಗ ಏನವ್ವ, ಮೀನಾ?" ಅಂದೆ.

"ಮೀನಲ್ಲ ಸುಮಕ್ಕ. ಕಣ್ಣಿಗೆ ಕಾಣದ ಜೀವಗಳು."

"ಕಾಣದ್ದರ ಮ್ಯಾಲೆ ಪಿಎಚ್‌ಡಿ. ಕಾಣೋ ಕೆಲಸ ಯಾವುದೂ ಉಳಿದಿರಲಿಲ್ಲೇನು?"

ಹುಡುಗಿ ಸಿಟ್ಟಾಗಲಿಲ್ಲ. ಚಾ ಕುಡಿದು, ನಮ್ಮ ಕಟಿಂಗ್ ಟೇಬಲ್ಲಿನ ಮೇಲೆ ಬೆರಳಲ್ಲಿ ಗೆರೆ ಎಳೆದು ವಿವರಿಸಿದಳು. ಲೋಕದ ಗಾಡಿ, ಕಲ್ಲಿದ್ದಲು, ಕಾರ್ಖಾನೆ ಎಲ್ಲ ಸೇರಿ ಬಿಡುವ ಇಂಗಾಲದ ಅನಿಲದಲ್ಲಿ ಒಂದು ಪಾಲು ಸಮುದ್ರದಲ್ಲಿ ಕರಗುತ್ತದೆ. ಅಲ್ಲಿ ಹಸಿರು ಬಣ್ಣದ ಪುಟ್ಟ ಜೀವಗಳು ಬಿಸಿಲಿನ ಬಲದಿಂದ ಅದನ್ನು ಹೀರಿ ಬೆಳೆಯುತ್ತವೆ. ಇವಕ್ಕಿಂತ ಚಿಕ್ಕವು ಇನ್ನೊಂದು ಜಾತಿ. ಬೆಳೆದದ್ದನ್ನು ತಿಂದು ಮತ್ತೆ ಅದೇ ಅನಿಲವನ್ನು ಉಸಿರಾಗಿ ಹೊರಗೆ ಬಿಡುತ್ತವೆ. ಯಾರ ಬಾಯಿಗೂ ಬೀಳದೆ ಉಳಿದದ್ದು ಆಳಕ್ಕೆ ಇಳಿದುಹೋಗುತ್ತದೆ. ಅದು ನೂರಾರು ವರ್ಷ ಮೇಲೆ ಬರುವುದಿಲ್ಲ.

ಜಮಾ, ಖರ್ಚು, ಠೇವಣಿ. ಇಷ್ಟೇ ತಾನೇ ಅಂದೆ. ಹುಡುಗಿಯ ಮುಖ ಅರಳಿತು. ಹೊಗೆ ಜಾಸ್ತಿಯಾದರೆ ಠೇವಣಿಯೂ ಜಾಸ್ತಿಯಾಗುತ್ತದೋ ಇಲ್ಲವೋ, ಅದು ಅವಳ ಪ್ರಶ್ನೆ. ಆಗುತ್ತದೆ ಅಂತ ಅವಳ ಗೈಡಿನ ನಂಬಿಕೆ. ಇವಳಿಗೆ ಅನುಮಾನ. ನೋಡಬೇಕಾದರೆ ಎರಡಾಳುದ್ದದ ಆರು ಪಾರದರ್ಶಕ ಚೀಲ ಬೇಕು. ಸಮುದ್ರದೊಳಗೆ ತೇಲಿಬಿಟ್ಟು, ನೀರು ತುಂಬಿ, ಮೂರಕ್ಕೆ ಅನಿಲ ಹೆಚ್ಚು ಬೆರೆಸಿ, ಮೂರನ್ನು ಹಾಗೇ ಬಿಟ್ಟು, ತಳದಲ್ಲಿ ಒಂದೊಂದು ಶೀಸೆ ಕಟ್ಟಿ ಇಳಿದು ಬಂದದ್ದನ್ನು ಲೆಕ್ಕ ಹಾಕಬೇಕು. ಫಾರಿನ್ ಚೀಲ ಕೈಗೆಟುಕುವುದಿಲ್ಲ. ಅಲ್ಲಿಯ ಟಾರ್ಪಾಲಿನ್ ಅಂಗಡಿಯವನು ಹೊಲಿದದ್ದು ಹೋದ ವರ್ಷ ಸೋರಿತು. ಸಮುದ್ರ ಶಾಂತವಾಗಿರುವುದು ಮಾರ್ಚಿ ನಡುವಿನ ತನಕ. ಸ್ಕಾಲರ್‌ಶಿಪ್ಪು ಈ ವರ್ಷಕ್ಕೆ ಮುಗಿಯುತ್ತದೆ.

"ಈ ಸಲವೂ ಆಗ್ಲಿಲ್ಲ ಅಂದ್ರೆ ಊರಿಗೆ ಬಂದು ಹುಳಕ್ಕೆ ಸೊಪ್ಪು ಹಾಕ್ತೀನಿ ಅಕ್ಕ. ಅಪ್ಪನಿಗೂ ಆಳು ಸಿಕ್ಕಂಗಾಯ್ತದೆ."

ನಗುತ್ತಲೇ ಹೇಳಿದಳು. ಕಣ್ಣು ನಗಲಿಲ್ಲ.

"ನಿಮ್ಮ ಗೈಡು ಏನಂದ್ರು, ನಮ್ಮ ಹತ್ರ ಬರ್ತೀನಿ ಅಂದಿದ್ದಕ್ಕ?"

"ಜೀನ್ಸ್ ಹೊಲಿಯೋರ ಕೈಗೆ ನನ್ನ ಪ್ರಯೋಗ ಕೊಡ್ತೀಯಾ ಅಂದ್ರು."

ಅಲ್ಲಿಗೆ ನಾನು ಒಪ್ಪಿದೆ. ಡಿ. ಹಿರೇಹಾಳಿನಿಂದ ಬಳ್ಳಾರಿಗೆ ದಾರ ಕತ್ತರಿಸುವ ಕೂಲಿಗೆ ಹೋಗಿ, ಇವತ್ತು ಹನ್ನೆರಡು ಮಿಷನ್ನಿನ ಯೂನಿಟ್ಟು ನಡೆಸುತ್ತಿರುವವಳು ನಾನು. ಜೀನ್ಸ್ ಹೊಲಿಯುವವರು ಅಂದರೆ ಏನು ಅಂತ ಆ ಗೈಡ್ ಸಾರಿಗೆ ತಿಳಿಯಲಿ.

ಜನವರಿ 16

ಅವರಿಗೆ ತಿಳಿಯುವ ಮೊದಲು ನನಗೇ ತಿಳಿಯಿತು. ಸೂಜಿ ಹೋದಲ್ಲೆಲ್ಲ ತೂತು. ಬಟ್ಟೆಯಾದರೆ ನೂಲು ಉಬ್ಬಿ ತೂತು ಮುಚ್ಚುತ್ತದೆ, ಪ್ಲಾಸ್ಟಿಕ್ಕು ಮುಚ್ಚುವುದಿಲ್ಲ. ಮಾದರಿ ಚೀಲಕ್ಕೆ ನೀರು ತುಂಬಿದರೆ ನಾಮಕರಣದ ತೊಟ್ಟಿಲಿಗೆ ಹೂವು ಕಟ್ಟಿದ ಹಾಗೆ ಹೊಲಿಗೆಯುದ್ದಕ್ಕೂ ಹನಿ.

ಗೋಪಿ ಅಂದ, "ಸುಮಕ್ಕ, ತೊಡೆ ಹೊಲಿಗೆ ಹಾಕಾನ."

ಜೀನ್ಸಿನ ತೊಡೆ ಭಾಗದಲ್ಲಿ ಒಂದರೊಳಗೊಂದು ಮಡಿಚಿ ಎರಡು ಸಾಲು ಹೊಲಿಯುತ್ತೇವೆ. ಕುಂತರೂ ಎದ್ದರೂ ಬಿಡಬಾರದ ಜಾಗ ಅದು. ಹಾಗೆ ಹೊಲಿದು, ಮೇಲೆ ಪ್ಲಾಸ್ಟಿಕ್ ಪಟ್ಟಿ ಇಟ್ಟು, ಕಾಲರ್ ಒತ್ತುವ ಬಿಸಿ ಪ್ರೆಸ್ಸಿನಲ್ಲಿ ಒತ್ತಿದೆವು. ಎರಡು ಸಲ ಕರಗಿ ಹಪ್ಪಳವಾಯಿತು. ಮೂರನೆಯದಕ್ಕೆ ಹದ ಸಿಕ್ಕಿತು. ನೀರು ತುಂಬಿ ರಾತ್ರಿಯಿಡೀ ನೇತು ಹಾಕಿದೆವು. ಬೆಳಿಗ್ಗೆ ಕೆಳಗಿನ ನೆಲ ದಾರ ಕತ್ತರಿಸುವ ನಮ್ಮ ಮುದುಕಿ ಅಂಬಮ್ಮನ ಮಾತಿನಷ್ಟೇ ಒಣ.

ಜನವರಿ 27

ಆರೂ ಚೀಲ ಮುಗಿದವು.

ಹುಡುಗಿ ಪಾಠ ಹೇಳಿಯೇ ಹೋಗಿದ್ದಳು. ಮಿಷನ್ ಎಣ್ಣೆ ಬೀಳಬಾರದು, ಮಾರ್ಕಿಂಗ್ ಚಾಕ್ ಮುಟ್ಟಬಾರದು, ಬೆವರು ತಾಗಬಾರದು, ಕೂದಲು ಬೀಳಬಾರದು. ಎಲ್ಲ ಪಾಲಿಸಿದೆ. ಎರಡು ಮಿಷನ್ನು ಬಿಚ್ಚಿ ಒರೆಸಿ, ಇವಕ್ಕೇ ಮೀಸಲಿಟ್ಟೆ. ಹುಡುಗಿಯರ ಕೈಗೆ ಗ್ಲೌಸು, ತಲೆಗೆ ಬಟ್ಟೆ. ಅಂಬಮ್ಮ ಕನ್ನಡಿ ನೋಡಿಕೊಂಡು, "ಆಪರೇಷನ್ ಮಾಡೋ ಡಾಕ್ಟರಮ್ಮ ಆಗಿನಲ್ಲ ಸುಮವ್ವ, ಫೀಜು ಕೊಡು" ಅಂದಳು.

ಹೊಸ ಆರ್ಡರಿನ ಮೊದಲ ಪೀಸಿಗೆ ಅರಿಶಿನ ಕುಂಕುಮ ಹಚ್ಚುವುದು ನನ್ನ ಕೈಯದೇ ಕೆಲಸ. ಜೀನ್ಸಿಗಾದರೆ ಸೊಂಟದ ಪಟ್ಟಿಯ ಒಳಗೆ ಒಂದು ಬೊಟ್ಟು. ಇಷ್ಟು ದೊಡ್ಡ ಪೀಸಿಗೆ, ಅದೂ ಸಮುದ್ರಕ್ಕೆ ಹೋಗುವುದಕ್ಕೆ, ಬೊಟ್ಟು ಇಟ್ಟರೆ ಅವಮಾನ. ತಳದಲ್ಲಿ ಚೀಲ ಸಣ್ಣಗಾಗಿ ಶೀಸೆ ಕಟ್ಟುವ ಕಡೆ, ಒಳಗೆ, ಯಾರಿಗೂ ಕಾಣದ ಹಾಗೆ ಅರಿಶಿನವನ್ನೇ ದಪ್ಪನಾಗಿ ಸವರಿದೆ. ತೆಂಗಿನಕಾಯಿ ಒಡೆದೆ. ಲಾರಿ ಆಫೀಸಿಗೆ ಗೋಪಿಯೇ ಹೋಗಿ ಹಾಕಿ ಬಂದ.

ಫೆಬ್ರವರಿ 5

ಸಮುದ್ರದಲ್ಲಿ ಇಳಿದವಂತೆ. ಒಂದೂ ಸೋರಿಲ್ಲವಂತೆ. ಗೈಡ್ ಸಾರು ಹೊಲಿಗೆಯನ್ನು ಉಗುರಿನಿಂದ ಕೆರೆದು ಕೆರೆದು ನೋಡಿ ತಲೆಯಾಡಿಸಿದರಂತೆ.

ಯೂನಿಟ್ಟಿಗೆಲ್ಲ ಮಂಡಕ್ಕಿ ಮಿರ್ಚಿ ತರಿಸಿದೆ.

ಫೆಬ್ರವರಿ 14

ಬೆಳಿಗ್ಗೆ ಆಶಾಳ ಫೋನು.

"ಅಕ್ಕ, ಒಂದ್ ಮಾತು ಕೇಳ್ತೀನಿ, ಬ್ಯಾಸರ ಮಾಡ್ಕೋಬೇಡಿ. ಒಂದನೇ ಚೀಲಕ್ಕೆ ಗಂಜಿ ಏನಾರ ಹಾಕಿದ್ರಾ?"

"ಗಂಜಿನಾ? ನಿನ್ನ ಸಲುವಾಗಿ ಹುಡುಗೇರಿಗೆ ತಲಿಗೆ ಎಣ್ಣಿ ಹಚ್ಚಿಕೊಳ್ಳಾಕ ಬಿಟ್ಟಿಲ್ಲ. ಗಂಜಿ ಎಲ್ಲಿಂದ ಬರ್ತೈತಿ?"

"ತಳದ ಶೀಸೇಲಿ ಹಳದಿ ಇಳೀತಾ ಐತೆ. ಮಿಕ್ಕ ಯಾವುದ್ರಾಗೂ ಇಲ್ಲ. ಲೆನ್ಸ್ ಕೆಳಗಿಟ್ರೆ ಗಂಜಿ ಕಣ ಇದ್ದಂಗೆ ಕಾಣ್ತವೆ."

"ಹಳದಿ ಅಂದ್ರ ಅರಿಶಿನ ಅಲ್ಲೇನವ್ವ. ಮೊದಲ ಪೀಸು ಅದು. ಹಚ್ಚದೆ ಕಳಿಸ್ತೀವೇನು?"

ಲೈನು ಕಟ್ಟಾಯಿತೇನೋ ಅಂತ ಹಲೋ ಹಲೋ ಅಂದೆ.

"ಎಷ್ಟು ಹಚ್ಚಿದ್ರಿ ಅಕ್ಕ?"

"ನಿನ್ನ ಮರ್ಯಾದಿಗೆ ತಕ್ಕಷ್ಟು."

ನಕ್ಕಳೋ ಅತ್ತಳೋ ಗೊತ್ತಾಗಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದಳು. ಅವರು ಲೆಕ್ಕ ಹಾಕುತ್ತಿರುವುದೇ ಇಂಗಾಲದ್ದು. ಗಿಡದಿಂದ ಬಂದ ಅರಿಶಿನವೂ ಇಂಗಾಲವೇ. ಅದರೊಳಗಿನ ಗಂಜಿ, ಅಂದರೆ ಪಿಷ್ಟವನ್ನು ಕೆಲವು ಜೀವ ತಿಂದು ಕೊಬ್ಬುತ್ತವೆ, ಅದರ ಘಾಟಿಗೆ ಕೆಲವು ಸಾಯುತ್ತವೆ. ಉಳಿದದ್ದು ತಾನೇ ತಳಕ್ಕಿಳಿದು ಶೀಸೆಯಲ್ಲಿ ಕೂರುತ್ತದೆ. ಬೇರೆಯವರ ದುಡ್ಡು ನಮ್ಮ ಖಾತೆಗೆ ಬಿದ್ದ ಹಾಗೆ. ಅದನ್ನಿಟ್ಟುಕೊಂಡು ನಿಜವಾದ ಠೇವಣಿ ಎಷ್ಟು ಅಂತ ಯಾರೂ ಹೇಳಲಾರರು.

ಫೆಬ್ರವರಿ 15

ಅರಿಶಿನ ಮುಟ್ಟಬಾರದು ಅಂತ ಯಾರು ಹೇಳಿದ್ದರು? ಎಣ್ಣೆ ಅಂದಳು, ಚಾಕ್ ಅಂದಳು, ಬೆವರು ಅಂದಳು. ಅರಿಶಿನ ಕೊಳೆ ಅಂತ ಹೆತ್ತ ತಾಯಿಯೂ ಹೇಳಿಲ್ಲ. ಅವಳಿಗೂ ಹೊಳೆದಿರಲಿಲ್ಲ, ಅವಳೂ ಮಡಕಶಿರದವಳೇ ತಾನೆ.

ಮಧ್ಯಾಹ್ನ ಊಟ ಮಾಡುವಾಗ ಹೊಳೆಯಿತು. ನಾವು ಏನೇ ಹೊಲಿದರೂ ಕಡೆಗೆ ವಾಷಿಂಗಿಗೆ ಹೋಗುತ್ತದೆ. ನಮ್ಮ ಬೊಟ್ಟು, ನಮ್ಮ ಚಾಕ್, ನಮ್ಮ ಬೆವರು ಎಲ್ಲ ಅಲ್ಲೇ ಹೋಗುತ್ತದೆ. ಇಷ್ಟು ವರ್ಷ ನಾನು ಹೊಲಿಗೆ ಕಲಿತದ್ದು ವಾಷಿಂಗಿನವನ ಭರವಸೆಯ ಮೇಲೆ. ಈ ಚೀಲದ ಮುಂದೆ ವಾಷಿಂಗ್ ಇರಲಿಲ್ಲ.

ಸಂಜೆ ಮತ್ತೆ ಫೋನು. ಆ ಒಂದು ಚೀಲ ಬಿಟ್ಟು ಐದರ ಲೆಕ್ಕ ಬರಿ ಅಂತ ಗೈಡ್ ಸಾರು ಹೇಳುತ್ತಿದ್ದಾರೆ. ಇವಳು ಒಪ್ಪುತ್ತಿಲ್ಲ. ಮೂರಕ್ಕೆ ಎರಡು ನಿಲ್ಲಿಸಿದರೆ ನಾಳೆ ಯಾರಾದರೂ ತಕ್ಕಡಿ ಸೊಟ್ಟ ಅನ್ನುತ್ತಾರೆ. ಎಲ್ಲ ಎತ್ತಿ, ಮಿಕ್ಕ ಐದನ್ನು ತೊಳೆದು, ಹೊಸ ನೀರು ತುಂಬಿ ಮೊದಲಿನಿಂದ ಶುರು ಮಾಡಬೇಕು. ಅದಕ್ಕೆ ಒಂದು ಹೊಸ ಚೀಲ ಬೇಕು. ಇನ್ನೊಂದು ವಾರದೊಳಗೆ ಶುರುವಾಗದಿದ್ದರೆ ಅಲೆ ಏಳುತ್ತದೆ, ಈ ವರ್ಷವೂ ಹೋಯಿತು.

"ಹೊಲಿದು ನಾನೇ ತರ್ತೀನಿ" ಅಂದೆ. ಲಾರಿಯನ್ನು ನಂಬುವ ಕಾಲ ಮುಗಿಯಿತು.

ಫೆಬ್ರವರಿ 17

ಶಿವರಾತ್ರಿ. ಉಪವಾಸದಲ್ಲೇ ಚೀಲ ಹೊಲಿದೆ. ಬೇರೆ ಯಾರ ಕೈಗೂ ಕೊಡಲಿಲ್ಲ. ಗೋಪಿ ಕತ್ತರಿಸಿದ, ನಾನು ಹೊಲಿದೆ, ಇಬ್ಬರೂ ಸೇರಿ ಒತ್ತಿದೆವು.

ಮುಗಿದಾಗ ಅಂಬಮ್ಮ ಅರಿಶಿನದ ಬಟ್ಟಲು ಹಿಡಿದುಕೊಂಡು ನಿಂತಿದ್ದಳು.

"ಬ್ಯಾಡ ಅಂಬಮ್ಮ."

"ಶಿವರಾತ್ರಿ ದಿನ ಬೋಳು ಪೀಸು ಮನಿ ದಾಟಿಸ್ತೀಯೇನು?"

"ಇದಕ್ಕ ಹಚ್ಚಿದ್ರ ಆ ಹುಡುಗಿ ಹಣಿಬರಹಕ್ಕ ಹಚ್ಚಿದಂಗ."

ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹೊಸ್ತಿಲಿಗೆ ಹಚ್ತೀನಿ. ನಿನ್ನ ಸಮುದ್ರಕ್ಕ ನನ್ನ ಹೊಸ್ತಿಲಿನ ಉಸಾಬರಿ ಬ್ಯಾಡ."

ಹಚ್ಚಿದಳು. ನಾನು ಚೀಲವನ್ನು ಹೊಸ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಹೊಸ್ತಿಲನ್ನು ತಾಗದಂತೆ ಎತ್ತಿ ದಾಟಿಸಿದೆ.

ಫೆಬ್ರವರಿ 20. ವಿಶಾಖಪಟ್ಟಣ

ಗುಂತಕಲ್ಲಿನಲ್ಲಿ ರೈಲು ಹತ್ತಿದೆ. ಚೀಲವನ್ನು ಸೀಟಿನ ಕೆಳಗೆ ಇಡಲು ಮನಸ್ಸು ಬರಲಿಲ್ಲ, ತೊಡೆಯ ಮೇಲಿಟ್ಟುಕೊಂಡೆ. ಎದುರಿನ ಹೆಂಗಸು ಮಗುವೇನಮ್ಮ ಅಂತ ತೆಲುಗಿನಲ್ಲಿ ಕೇಳಿದಳು. ಸಮುದ್ರದ ಚೀಲ ಅಂದೆ. ಆಮೇಲೆ ಮಾತಾಡಿಸಲಿಲ್ಲ.

ಸಮುದ್ರ ನೋಡಿದೆ. ನಮ್ಮ ಕಡೆಯ ಕಣೇಕಲ್ಲು ಕೆರೆಯ ಆಚೆ ದಡ ಕಿತ್ತುಹಾಕಿದರೆ ಹೇಗೋ ಹಾಗಿದೆ. ಚೆನ್ನಾಗಿದೆ, ಆದರೆ ಉಪ್ಪು ಗಾಳಿಗೆ ಕೈಯೆಲ್ಲ ಅಂಟು.

ಗೈಡ್ ಸಾರು ತೆಳ್ಳಗಿನ ಮನುಷ್ಯ. ನನ್ನ ಅನಂತಪುರದ ತೆಲುಗಿಗೆ ಅವರಿಗೆ ಒಳಗೊಳಗೇ ನಗು. ಹೊಲಿಗೆಯನ್ನು ಬೆರಳಿನಿಂದ ತಳದ ತನಕ ತಡವಿ, "ಈ ಸಲ ಪೂಜೆ ಆಗಿಲ್ಲವೇನಮ್ಮ?" ಅಂದರು.

"ಆಗಿದೆ ಸಾರ್, ಹೊಸ್ತಿಲಿಗೆ."

ಅವರು ನಕ್ಕರು. ಶೀಸೆಗೆ ಇಳಿದ ಹಳದಿ ಹೊಸ ಜೀವವಿರಬಹುದು ಅಂತ ತಾವೂ ಎರಡು ದಿನ ಅಂದುಕೊಂಡಿದ್ದಾಗಿ ತಾವೇ ಹೇಳಿದರು. ಹೇಳಬೇಕಾಗಿರಲಿಲ್ಲ. ಒಳ್ಳೆ ಮನುಷ್ಯ ಅನ್ನಿಸಿತು. ಗಂಜಿ ಅಂತ ಹಿಡಿದವಳು ನಮ್ಮ ಆಶಾ.

ದೋಣಿಯಲ್ಲಿ ಹೋಗಿ ತೊಳೆಯಲು ಮೇಲೆತ್ತಿದ ಐದು ಚೀಲದ ಹೊಲಿಗೆಯನ್ನು ಕೈಯಾರೆ ತಡವಿದೆ. ಉಪ್ಪು ನೀರಲ್ಲಿ ಇಷ್ಟು ದಿನವಿದ್ದರೂ ಒಂದು ಎಳೆಯೂ ಬಿಟ್ಟಿರಲಿಲ್ಲ. ಜಂಬ ಕೊಚ್ಚಲಿಲ್ಲ, ಎಲ್ಲರೂ ನೋಡುತ್ತಿದ್ದರಲ್ಲ.

ಸಂಜೆ ಆಶಾ ಒಂದು ಹನಿ ನೀರು ಗಾಜಿನ ಮೇಲಿಟ್ಟು ಲೆನ್ಸಿನಲ್ಲಿ ಕಣ್ಣಿಡಿಸಿದಳು. ಮೊದಲು ನನ್ನ ರೆಪ್ಪೆಯೇ ಕಂಡಿತು. ಆಮೇಲೆ ಅವು. ಕೆಲವು ದುಂಡಗೆ, ಗಾಜಿನ ಚಿಪ್ಪಿನವು, ಅಂಚಿನ ಸುತ್ತ ಸಮಸಮ ಗೆರೆ. ಜೀನ್ಸಿನ ಜೇಬಿಗೆ ಹೊಡೆಯುವ ತಾಮ್ರದ ಗುಂಡಿಗೂ ಇಷ್ಟು ಅಚ್ಚುಕಟ್ಟು ಇರುವುದಿಲ್ಲ. ಮಿಕ್ಕವು ಬರೀ ಚುಕ್ಕೆ.

"ಗಾಜಿನವು ಭಾರ ಅಕ್ಕ, ಸತ್ತ ಮೇಲೆ ತಳಕ್ಕಿಳೀತವೆ. ಇಂಗಾಲ ಆಳಕ್ಕೆ ಹೊರೋ ಕೂಲಿಯೋರು ಅವು. ಚುಕ್ಕೆ ಇದಾವಲ್ಲ, ಅವು ಹಗುರ. ಮೇಲೇ ತೇಲ್ತಾ ಇನ್ನೊಬ್ಬರ ಬಾಯಿಗೆ ಬೀಳ್ತವೆ. ಅನಿಲ ಹೆಚ್ಚಾದ್ರೆ ಯಾರು ಗೆಲ್ತಾರೆ ಅಂತ ನೋಡ್ಬೇಕು."

ಯಾರು ಗೆಲ್ಲಬೇಕು ಅಂತ ಕೇಳಿದೆ. ಲೋಕಕ್ಕೆ ಒಳ್ಳೆಯದಾಗಬೇಕಾದರೆ ಗಾಜಿನವು ಅಂದಳು. ನಾನು ಇನ್ನೊಂದು ಸಲ ಕಣ್ಣಿಟ್ಟೆ. ಗಾಜಿನವು ಗೆಲ್ಲಲಿ ಅಂತ ಹರಕೆ ಹೊತ್ತುಕೊಂಡೆ. ಯಾವ ದೇವರಿಗೆ ಅಂತ ಇನ್ನೂ ತೀರ್ಮಾನಿಸಿಲ್ಲ.

ಫೆಬ್ರವರಿ 24. ರಾಯದುರ್ಗ

ಬಂದೆ. ಆರೂ ಚೀಲ ಹೊಸ ನೀರು ಕುಡಿದು ಕೂತಿವೆ. ಬಳ್ಳಾರಿಯ ವ್ಯಾಪಾರಿ ಸಿದ್ದಬಸಪ್ಪನ ಬರ್ಮುಡಾ ಚಡ್ಡಿಯ ಆರ್ಡರು ನಾನು ಇಲ್ಲದಿದ್ದಾಗ ಬೇರೆಯವರ ಪಾಲಾಯಿತಂತೆ. ಗೋಪಿ ಮೂರು ಸಲ ಹೇಳಿದ ಮೇಲೆ ನನ್ನ ತಲೆಗೆ ಹೋಯಿತು. ಹೋಗಲಿ.

ಮಾರ್ಚ್ 6

ಟಿವಿಯಲ್ಲಿ ಹವಾಮಾನ ಬಂದರೆ ಯೂನಿಟ್ಟಿನ ಮಿಷನ್ನೆಲ್ಲ ನಿಲ್ಲುತ್ತವೆ. ರಾಯದುರ್ಗದವರಿಗೆ ಬಂಗಾಳ ಕೊಲ್ಲಿಯ ಗಾಳಿಯ ಚಿಂತೆ. ಅಂಬಮ್ಮ, "ನಮ್ಮ ಹುಳಕ್ಕ ಏನೂ ಆಗೂದಿಲ್ಲ ಬಿಡು" ಅಂತಾಳೆ. ಹುಳ ಅಲ್ಲ, ಸೂಕ್ಷ್ಮಜೀವಿ ಅಂತ ತಿದ್ದಿದೆ.

ಮಾರ್ಚ್ 13

ಅಲೆ ಎದ್ದಿದೆ. ಫೋನು ಹತ್ತುತ್ತಿಲ್ಲ.

ಮಾರ್ಚ್ 14

ಹತ್ತುತ್ತಿಲ್ಲ.

ಮಾರ್ಚ್ 15

ಹತ್ತಿತು. ಕಡೆಯ ಶೀಸೆ ಬಿಚ್ಚಿ ದೋಣಿಗೆ ಹಾಕಿಕೊಳ್ಳುವ ತನಕ ಆರೂ ಚೀಲ ತಡೆದವಂತೆ. ಆಮೇಲೆ ಅಲೆ ಎರಡು ಚೀಲ ತೇಲಿಸುತ್ತಿದ್ದ ಕಟ್ಟಿಗೆಯನ್ನು ಮುರಿದು ಹಾಕಿತಂತೆ. ಕಟ್ಟಿಗೆ ನನ್ನದಲ್ಲ.

ಮಾರ್ಚ್ 29

ಲೆಕ್ಕ ಬಂತು.

ಅನಿಲ ಹೆಚ್ಚಿದ್ದ ಮೂರರಲ್ಲೂ ಹಸಿರು ಜಾಸ್ತಿ ಬೆಳೆಯಿತು. ಬೆಳೆದವು ಚುಕ್ಕೆಗಳು. ಗಾಜಿನವು ಹೆಚ್ಚಲಿಲ್ಲ. ಚುಕ್ಕೆಗಳನ್ನು ಕಣ್ಣಿಗೆ ಕಾಣದ ತಿನ್ನುವವು ತಿಂದು, ಮತ್ತೆ ಅನಿಲವನ್ನೇ ಉಸಿರಾಡಿದವು. ತಳದ ಶೀಸೆಗೆ ಇಳಿದದ್ದು ಮಿಕ್ಕ ಮೂರಕ್ಕಿಂತ ಹೆಚ್ಚೇನೂ ಅಲ್ಲ, ಒಂದು ಗುಲಗಂಜಿ ಕಡಿಮೆಯೇ. ಜಮಾ ಬಂದಷ್ಟೂ ಅಂಗಡಿ ಮುಂದೆಯೇ ಖರ್ಚು. ಠೇವಣಿ ಏರಲಿಲ್ಲ.

"ಇದು ನಮ್ಮ ಚೀಲದ ಮಾತು ಅಕ್ಕ, ಆ ಮೂರು ವಾರದ ಮಾತು. ಎಲ್ಲಾ ಸಮುದ್ರಕ್ಕೂ ಸೇರಿಸಿ ಊರಿಗೆಲ್ಲ ಸಾರಬೇಡಿ."

ನನ್ನನ್ನು ಚೆನ್ನಾಗಿ ಬಲ್ಲಳು.

"ಗೈಡ್ ಸಾರು ಏನಂದ್ರವ್ವ? ಅವರ ನಂಬಿಕಿ ಬ್ಯಾರೆ ಇತ್ತಲ್ಲ."

"ಎರಡು ದಿನ ನನ್ನ ಲೆಕ್ಕದಾಗೆ ತಪ್ಪು ಹುಡುಕಿದ್ರು. ಮೂರನೇ ದಿನ, ಇದ್ದದ್ದನ್ನ ಇದ್ದಂಗೆ ಬರಿ ಅಂದ್ರು. ಪ್ರಬಂಧ ಬರೆಯೋಕೆ ಆರು ತಿಂಗಳು ಸ್ಕಾಲರ್‌ಶಿಪ್ ಮುಂದುವರಿಸೋಕೆ ಅವರೇ ಸಹಿ ಹಾಕಿದ್ರು."

ಗಾಜಿನವು ಸೋತದ್ದು ಸಂಕಟವಾಯಿತು. ಆದರೂ ಮಿಷನ್ನು ನಿಲ್ಲಿಸಿ ಎಲ್ಲರಿಗೂ ಕೂಗಿ ಹೇಳಿದೆ. ಏನು ಗೆದ್ದೆವು ಅಂತ ಹುಡುಗಿಯರು ಕೇಳಿದರು. ಗೆದ್ದಿಲ್ಲ, ಗೊತ್ತಾಯಿತು ಅಂದೆ. ಅವರಿಗೆ ಅರ್ಥವಾಗಲಿಲ್ಲ. ಜನವರಿಯಲ್ಲಿ ಯಾರಾದರೂ ಹೀಗೆ ಅಂದಿದ್ದರೆ ನಾನೂ ಅವರನ್ನು ಅಂಗಡಿ ಮುಚ್ಚಿಕೋ ಅನ್ನುತ್ತಿದ್ದೆ.

ಏಪ್ರಿಲ್ 12. ಮಡಕಶಿರ

ಆಶಾ ನಾಲ್ಕು ದಿನಕ್ಕೆ ಊರಿಗೆ ಬಂದಿದ್ದಾಳೆ. ಗೋಪಿಯ ಜೊತೆ ಬಸ್ಸಿನಲ್ಲಿ ನಾನೂ ಬಂದೆ. ತಾಯಿ ಓಬಳಮ್ಮ ಮುದ್ದೆ, ಅವರೆಕಾಳಿನ ಸಾರು ಬಡಿಸಿದರು. ತಂದೆ ಚಿಕ್ಕತಿಮ್ಮಯ್ಯ ಮಾತು ಕಡಿಮೆಯ ಮನುಷ್ಯ. ಊಟವಾದ ಮೇಲೆ ಹುಳದ ತಟ್ಟೆಗಳ ಪಕ್ಕ ಕೂತು, ಮಗಳನ್ನು ಬಿಟ್ಟು ನನ್ನನ್ನು ಕೇಳಿದರು.

"ಸುಮಮ್ಮ, ಈಕೆ ಹೇಳಿದ್ರೆ ಇಂಗ್ಲಿಷ್ ಬೆರೆಸ್ತಾಳೆ. ನೀನು ಹೇಳು. ಏನು ಕಂಡು ಹಿಡಿದ್ಲು?"

ಆಶಾ ಗೋಡೆಗೆ ಒರಗಿ ನನ್ನ ಪರೀಕ್ಷೆ ನೋಡಲು ಕೂತಳು.

"ನಿಮ್ಮ ಹುಳಾನೇ ತಗೋರಿ ಮಾವ. ಸೊಪ್ಪು ಬೇಕಾದಷ್ಟು ಹಾಕಿದ್ರಿ. ತಟ್ಟಿ ತುಂಬ ಹುಳ ಆದ್ವು. ಆದ್ರ ಎಲ್ಲಾ ಸಣ್ಣವು, ಗೂಡು ಕಟ್ಟದವು. ಅವನ್ನ ಇರುವೆ ತಿಂದು ಹೋತು. ಸೊಪ್ಪು ಖಾಲಿ, ತಟ್ಟಿ ಖಾಲಿ, ಗೂಡು ಮಾತ್ರ ಮೊದಲಿದ್ದಷ್ಟೇ. ಸಮುದ್ರಕ್ಕ ನಾವು ಹೊಗಿ ಹಾಕಿದ್ರ ನಮ್ಮ ಚೀಲದಾಗ ಹಿಂಗಾತು."

ಚಿಕ್ಕತಿಮ್ಮಯ್ಯ ಒಂದು ಹುಳವನ್ನು ಅಂಗೈ ಮೇಲಿಟ್ಟುಕೊಂಡು ನೋಡಿದರು.

"ಹಂಗಾರೆ ನಾವು ಬಿಟ್ಟ ಹೊಗೇನ ಸಮುದ್ರ ನುಂಗ್ಕೊಂತದೆ ಅಂತ ಸುಮ್ನೆ ಕೂರಂಗಿಲ್ಲ."

"ಕೂರಂಗಿಲ್ಲ ಅಪ್ಪ" ಅಂದಳು ಆಶಾ.

"ಒಳ್ಳೆ ಸುದ್ದಿ ಅಲ್ಲವಲ್ಲಮ್ಮ ಇದು. ಇಂಥ ಸುದ್ದಿ ತರಕ್ಕೆ ನೀವಿಬ್ರೂ ಇಷ್ಟು ಪಾಡು ಪಟ್ರಾ?"

ಆ ಪ್ರಶ್ನೆ ಆಶಾಳನ್ನೂ ಕೊರೆಯುತ್ತಿತ್ತು ಅಂತ ಕಾಣುತ್ತದೆ. ಓಬಳಮ್ಮ ಒಲೆಯ ಹತ್ತಿರದಿಂದ ಗಂಡನನ್ನು ಗದರಿಸಲು ಬಾಯಿ ತೆರೆದರು. ಅಷ್ಟರಲ್ಲಿ ನಾನೇ ಅಂದೆ.

"ಸುದ್ದಿ ಕೆಟ್ಟದೇ ಇರಲಿ ಮಾವ. ನಿಮ್ಮ ಮಗಳದಾಗಲಿ, ನನ್ನದಾಗಲಿ, ಹೊಲಿಗಿ ಎಲ್ಲೂ ಬಿಟ್ಟಿಲ್ಲ. ಒಂದು ಹನಿ ಸೋರದಂಗ ತಂದೀವಿ."

ಚಿಕ್ಕತಿಮ್ಮಯ್ಯ ಹುಳವನ್ನು ಸೊಪ್ಪಿನ ಮೇಲೆ ಮೆಲ್ಲಗೆ ಬಿಟ್ಟು, ಮಗಳ ಕಡೆ ತಿರುಗಿ, "ಹತ್ರ ಬಾ, ಈಗ ನೀನು ಹೇಳು. ಇಂಗ್ಲಿಷ್ ಬೆರೆಸಿದ್ರೂ ಆಗ್ತದೆ" ಅಂದರು.